ಗೊರಸಿರುವ ತೋಳ

ಮೊಂತೆಗ್ರೀಲದಲ್ಲಿ ಕೆಲಸ ಅಂದರೆ ಕಲ್ಲು,
ಉಳಿದದ್ದೆಲ್ಲ ಮಾತು.
ನಾನು ಸೆತ್ತಿಮಿಯೊ, ಕಲ್ಲುಕುಟಿಗ,
ಕಲ್ಲುಕುಟಿಗನ ಮಗ; ಹಾಗೇ ಹಿಂದೆ ಹಿಂದೆ ಹೋದರೆ
ಹತ್ತನೆಯ ತಲೆಗೆ ತೊಬಿಯಾ ಅಂತೊಬ್ಬ.
ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಳೆದ ಅಕ್ಟೋಬರಿನಲ್ಲಿ ಬೆಟ್ಟ ಹನ್ನೊಂದು ಸೆಕೆಂಡು ಮೈ ಕೊಡವಿತು.
ಚರ್ಚಿನ ಗಂಟೆ ತನ್ನನ್ನು ತಾನೇ ಬಾರಿಸಿಕೊಂಡಿತು.
ಯಾರೂ ಸಾಯಲಿಲ್ಲ, ಪುಣ್ಯ. ನುನ್ಸಿಯಾತಾಳ ಕೋಳಿಗೂಡು ಹೋಯಿತು.
ಮತ್ತೆ ಅರಮನೆಯ ಹೆಬ್ಬಾಗಿಲಿನಿಂದ
ನಾನೂರು ವರ್ಷ ನಮ್ಮನ್ನು ಮೇಲಿಂದಲೇ ನೋಡಿದ
ಗ್ವಾರ್ದೆಲ್ಲಿ ಮನೆತನದ ಲಾಂಛನ
ಅಂಗಳಕ್ಕೆ ಬಿದ್ದು ಅಂಗಾತ ಮಲಗಿತು.

ತೋಳ. ಎಲ್ಲರೂ ಹಾಗೆಂದೇ ಕರೆದದ್ದು.
ತೋಳದ ಕೆಳಗೆ ನಮ್ಮ ಮುತ್ತಜ್ಜಿಯರು
ಚೆಸ್ಟ್‌ನಟ್ ಹಿಟ್ಟಿನ ಚೀಲ ಇಳಿಸಿ ಮೂರರಲ್ಲೊಂದು ಪಾಲು ಅಳೆದರು;
ತೋಳದ ಕೆಳಗೆ ಸಾಲು ನಿಂತು
ಬ್ಯಾರನ್‌ನ ಒಲೆಯಲ್ಲೇ ರೊಟ್ಟಿ ಬೇಯಿಸಿಕೊಂಡರು,
ಹತ್ತಕ್ಕೊಂದನ್ನು ಒಲೆಗೇ ಬಿಟ್ಟು.
ಮಕ್ಕಳು ಮಾತ್ರ ಕತ್ತೆತ್ತಿ ಕೇಳುತ್ತಿದ್ದವು:
ತೋಳಕ್ಕೇಕೆ ಗೊರಸು?
ತಲೆಗೊಂದು ಮೊಟಕು. ಉತ್ತರ ಅಷ್ಟೇ.

ಈಗ ಅದರ ಮುಖ ನನ್ನ ಮೊಣಕಾಲಿನ ಬಳಿ.
ಬೆರಳಾಡಿಸಿದೆ. ಕಣ್ಣು ಮುಚ್ಚಿದವರಿಗೇ
ಕಲ್ಲು ಚೆನ್ನಾಗಿ ಓದಿಸಿಕೊಳ್ಳುತ್ತದೆ.
ನೆತ್ತಿಯ ಮೇಲೆ ಎರಡು ತಗ್ಗು, ಉದ್ದುದ್ದ,
ಏನನ್ನೋ ಬುಡಸಮೇತ ಕೆತ್ತಿ ತೆಗೆದದ್ದು.
ತುಟಿ ಕೊರೆದು ಹಲ್ಲು ಬಿಡಿಸಿದ ಉಳಿಯೇ ಬೇರೆ,
ಕೈಯೇ ಬೇರೆ, ಕಾಲವೇ ಬೇರೆ.
ಹೊಟ್ಟೆಯ ಅಡಿಯಲ್ಲಿ ಹೇರುಹಗ್ಗದ ಗೆರೆ
ಇನ್ನೂ ಬಿಗಿಯಾಗಿದೆ.

ಹೇಸರಗತ್ತೆ.

ಮೊದಲ ಗ್ವಾರ್ದೆಲ್ಲಿ, ಬೊನಫೇದೆ, ಉಪ್ಪು ಸಾಗಿಸುತ್ತಿದ್ದ,
ಕಡಲಿನಿಂದ ಕಣಿವೆಗೆ, ಸುಂಕದವರ ಕಣ್ಣು ತಪ್ಪಿಸಿ, ರಾತ್ರಿ.
ಒಂದು ಚಳಿಗಾಲ ದಾರಿಗಳೆಲ್ಲ ಮುಚ್ಚಿ
ದೊರೆಯ ದಂಡು ಉಪ್ಪಿಲ್ಲದೆ ಮಾಂಸ ಕೊಳೆಸಿಕೊಂಡು ಕೂತಾಗ
ಇವನ ಹೇಸರ ಹಿಮದೊಳಗೆ ದಾರಿ ಮೂಸಿ ಹಿಡಿಯಿತು.
ಹೇಸರದಿಂದ ಹೆಸರು ಬಂತು.
ಬಾಗಿಲ ಮೇಲೆ ಅದನ್ನೇ ಕೆತ್ತಿಸಿದ, ನಾಚಿಕೆಯಿಲ್ಲದೆ.
ನಾಚಿಕೆ ಹುಟ್ಟಲು ಮೂರು ತಲೆ ಬೇಕು.

ಮೂರನೆಯವನು ಅರ್ಕಾಂಜೆಲೊ. ನೇಪಲ್ಸಿನಿಂದ ಹೆಣ್ಣು ತಂದ.
ದಿಬ್ಬಣ ಬೆಟ್ಟ ಹತ್ತುವ ಮೊದಲು
ತೊಬಿಯಾನಿಗೆ ಹೇಳಿಕಳಿಸಿದ.
ಲೆಕ್ಕದ ಪುಸ್ತಕ ಚರ್ಚಿನ ಕಪಾಟಿನಲ್ಲಿದೆ, ಇಲಿ ತಿಂದು ಉಳಿದಷ್ಟು:
"ಕಿವಿ ತೆಗೆದದ್ದಕ್ಕೆ ಒಂದು ಡುಕಾಟ್. ಹಲ್ಲಿಗೆ ಒಂದು.
ಕಾಲುಗಳಿಗೆ, ಸುಗ್ಗಿಯ ನಂತರ."
ಸುಗ್ಗಿ ಬಂತು, ಹೋಯಿತು. ಮುನ್ನೂರು ಸುಗ್ಗಿ.
ಕಾಲಿಗೆ ಕೂಲಿ ಬರಲಿಲ್ಲ.
ತೊಬಿಯಾ ಕಾಲು ಮುಟ್ಟಲಿಲ್ಲ.

ಮನೆತನಕ್ಕೆ ಕೊನೆಯವಳು ಎರ್ಸಿಲಿಯಾ, ಎಂಬತ್ತಮೂರು.
ಟುರಿನ್ನಿನಿಂದ ಎರಡು ರೈಲು, ಒಂದು ಬಸ್ಸು ಹಿಡಿದು ಬಂದಳು
ತೀರಿಕೊಂಡ ಅಣ್ಣನ ಕೋಟು ತೊಟ್ಟು.
ನಾನು ಹೇಳಿದೆ, ಬೆರಳಿಟ್ಟು ತೋರಿಸಿದೆ.
ತುಂಬ ಹೊತ್ತು ನಿಂತಳು.
"ಸಿಟ್ಟು ಬಂದಾಗ ಅಪ್ಪ ನನ್ನನ್ನು
ಮೊಂಡು ಹೇಸರ ಅನ್ನುತ್ತಿದ್ದ," ಎಂದಳು,
ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.
"ಕಿವಿ ಮತ್ತೆ ಬರುತ್ತವೆಯೇ, ಸೆತ್ತಿಮಿಯೊ?"
ಕಲ್ಲಿನಿಂದ ಕಳೆಯಬಹುದು, ಸಿನ್ಯೋರ.
ಕಲ್ಲಿಗೆ ಕೂಡಿಸಲು ಬರುವುದಿಲ್ಲ.

ಸರ್ಕಾರದ ಇಂಜಿನಿಯರ್ ಫಾರಂ ಕೊಟ್ಟು ಹೋಗಿದ್ದಾನೆ.
ಹದಿನಾಲ್ಕನೆಯ ಸಾಲು: ಪ್ರಾಣಿ ಯಾವುದು?
ಮೂರು ದಿನದಿಂದ ಅದು ಖಾಲಿ.

ಇವತ್ತು ಬೆಳಿಗ್ಗೆ ಅಂಗಳದಲ್ಲಿ ಮೊದಲ ಹಿಮ.
ತಗ್ಗು ಎರಡರಲ್ಲೂ ತುಂಬಿ ನಿಂತು
ಎರಡು ಬಿಳಿ ಕಿವಿ, ಉದ್ದುದ್ದ.
ಹತ್ತು ಗಂಟೆಯ ಬಿಸಿಲಿಗೆ ಹೋದವು.
ಎರ್ಸಿಲಿಯಾ ನೋಡಿದಳೋ ಇಲ್ಲವೋ, ಕೇಳಲಿಲ್ಲ.
ಅದರ ಬಾಯಿಯ ಹತ್ತಿರ, ನೆಲದ ಮೇಲೆ
ಯಾರೋ ಒಂದು ಹಿಡಿ ಉಪ್ಪು ಇಟ್ಟಿದ್ದರು
ಕೊಟ್ಟಿಗೆಯಲ್ಲಿ ಇಡುವ ಹಾಗೆ;
ಸುತ್ತ ಅಂಗೈಯಗಲ ಹಿಮ ಆಗಲೇ ಕರಗಿತ್ತು.